ಅತ್ತೆ ಅಂಟಿಸಿದ ಊರು

ಫೆಬ್ರವರಿ ೩, ಸೋಮವಾರ

ಇವತ್ತು ಮನಸ್ಸಿನಲ್ಲಿ ಬೈದದ್ದನ್ನೆಲ್ಲ ಬಾಯಿಬಿಟ್ಟು ಬೈದಿದ್ದರೆ ಪುರಸಭೆಯ ಗೋಡೆಯ ಸುಣ್ಣ ಉದುರುತ್ತಿತ್ತು. ಬೈಯುವಂತಿಲ್ಲ, ಏಕೆಂದರೆ ಬೈಸಿಕೊಳ್ಳಬೇಕಾದವರು ನನ್ನ ಗಂಡನ ತಾಯಿ. ಅದಕ್ಕೇ ಈ ಪುಸ್ತಕ ಹಿಡಿದು ಕೂತಿದ್ದೇನೆ.

ಹೊಸ ಸಭಾಂಗಣ ಸಿದ್ಧವಾಗಿದೆ. ಅದರ ಗೋಡೆಗೆ ಊರಿನ ಹಳೆಯ ನಕ್ಷೆಯನ್ನು ಚೌಕಟ್ಟು ಹಾಕಿಸಿ ತೂಗಬೇಕೆಂದು ನಮ್ಮ ಸಾಹೇಬರಿಗೆ ಹೊಳೆದಿದೆ. ವರ್ಗವಾಗಿ ಬಂದ ಹೊಸಬರು, ಹುರುಪು ಜಾಸ್ತಿ. ದಾಖಲೆ ಕೋಣೆ ನೋಡಿಕೊಳ್ಳುವವಳು ನಾನು. ನಕ್ಷೆ ಕೇಳಿ ಬಂದವರಿಗೆ ಕಂಪ್ಯೂಟರಿನಲ್ಲಿರುವ ಚಿತ್ರ ತೋರಿಸಿ ಕಳಿಸುತ್ತೇನೆ. ಅಸಲನ್ನು ಮುಟ್ಟಲು ಯಾರನ್ನೂ ಬಿಡುವುದಿಲ್ಲ, ನಾನೂ ಮುಟ್ಟುವುದಿಲ್ಲ. ಮುಟ್ಟದಿದ್ದರೆ ಕೆಡುವುದಿಲ್ಲ ಎಂದುಕೊಂಡಿದ್ದೆ. ಇವತ್ತು ದೊಡ್ಡ ಡ್ರಾಯರು ಎಳೆದು ನೋಡಿದರೆ ನಕ್ಷೆಯ ಮೈತುಂಬ ಕಂದು ಪಟ್ಟಿಗಳು. ಹಿಂದೆ ಹಚ್ಚಿದ ಟೇಪಿಗೆ ಮುಪ್ಪು ಬಂದು, ಸೀದ ಸಕ್ಕರೆಯ ಬಣ್ಣಕ್ಕೆ ತಿರುಗಿ, ಅಂಚಿನಿಂದ ಏಳುತ್ತಿದೆ. ಒಂದರ ತುದಿ ಮುಟ್ಟಿದೆ ಅಷ್ಟೇ, ಪಟ್ಟನೆ ಕೈಗೇ ಬಂತು. ಜೊತೆಗೆ ಬಾವಿ ಬೀದಿಯ ಎರಡು ಮನೆಗಳೂ ಕಿತ್ತು ಬಂದವು.

ಈ ಕೋಣೆಯಲ್ಲಿ ನನಗಿಂತ ಮೊದಲು ಇದ್ದವರು ಅತ್ತೆ. (ನಾನು ಪರೀಕ್ಷೆ ಬರೆದು ಬಂದವಳು, ಅತ್ತೆಯ ಸೆರಗು ಹಿಡಿದುಕೊಂಡು ಬಂದವಳಲ್ಲ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.) ಇಲಿ ಕಡಿದು ಚೂರುಚೂರಾಗಿದ್ದ ನಕ್ಷೆಯನ್ನು ಅವರು ಟೇಪು ಹಚ್ಚಿ ಜೋಡಿಸಿದ ಕಥೆ ನಮ್ಮ ನೆಂಟರಿಗೆಲ್ಲ ಬಾಯಿಪಾಠ. ಗ್ಯಾಸ್ ತರುವವನಿಗೂ ಗೊತ್ತು. "ಊರಿಗೆ ಊರನ್ನೇ ಉಳಿಸಿಕೊಟ್ಟ ಹೆಣ್ಣುಮಗಳು" ಎಂದು ಆಗಿನ ಅಧ್ಯಕ್ಷರು ತುಂಬಿದ ಸಭೆಯಲ್ಲಿ ಹೇಳಿದ್ದರಂತೆ. ಆ ಟೇಪೇ ಈಗ ಊರನ್ನು ತಿನ್ನುತ್ತಿದೆ. ಇಲಿಯಾದರೂ ಹೊಟ್ಟೆ ತುಂಬಿದ ಮೇಲೆ ಸುಮ್ಮನಾಗುತ್ತದೆ.

ಮುಖಕ್ಕೆ ಮುಖ ಕೊಟ್ಟು ಹೇಳಿಬಿಡಬೇಕೆಂದೇ ಸಂಜೆ ಮನೆಗೆ ಬಂದೆ. ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ವರ್ಷಗಳಾದವು, ನನ್ನನ್ನು ಹೆಜ್ಜೆ ಸದ್ದಿನಲ್ಲೇ ಗುರುತು ಹಿಡಿಯುತ್ತಾರೆ.

"ಡಾಕ್ಟ್ರು ದಿನ ಕೊಟ್ರು ಕಣೇ. ಹದಿನೇಳಕ್ಕೆ ಬಲಗಣ್ಣಿನ ಆಪರೇಷನ್ನು," ಅಂದರು. "ಕಣ್ಣು ಬಂದ ಮೇಲೆ ಮೊದಲು ಏನು ನೋಡ್ತೀನಿ ಹೇಳು ನೋಡೋಣ."

"ಮಗನ ಮುಖ," ಅಂದೆ.

"ಅವನ ಮುಖದಲ್ಲಿ ಏನಿದೆ ನೋಡೋಕೆ? ನಕ್ಷೆ ನೋಡ್ಬೇಕು. ಕಣ್ಣು ಮಂಜಾದಾಗಿಂದ ಅದೊಂದೇ ಆಸೆ."

ನಾಳೆ ಹೇಳುತ್ತೇನೆ.

ಫೆಬ್ರವರಿ ೫

ಹೇಳಲಿಲ್ಲ.

ಉಳಿದ ಕಪಾಟುಗಳನ್ನೂ ತೆಗೆದು ನೋಡಿದೆ. ಬೇರೆ ಪುಸ್ತಕಗಳಲ್ಲಿ ಅಲ್ಲೊಂದು ಇಲ್ಲೊಂದು ಪಟ್ಟಿ ಇದೆ, ಪರವಾಗಿಲ್ಲ. ನಕ್ಷೆಗೆ ಮಾತ್ರ ಧಾರಾಳವಾಗಿ ಹಚ್ಚಿದ್ದಾರೆ. ಪ್ರೀತಿ ಹೆಚ್ಚಾದಲ್ಲಿ ಟೇಪೂ ಹೆಚ್ಚು.

ಅಟೆಂಡರ್ ಹಿಂದೆ ನಿಂತು ಇಣುಕಿದ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಆದರೆ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ್ದರಿಂದ ಊರೆಲ್ಲ ಕರೆಯುವುದು ರೇಡಿಯೋ ಎಂದು. ಅತ್ತೆಯ ಕಾಲದಲ್ಲಿ ಸೇರಿದವನು. ಆ ಕಾಲದವರಲ್ಲಿ ಕಚೇರಿಯಲ್ಲಿ ಉಳಿದಿರುವವನು ಅವನೊಬ್ಬನೇ.

"ದೊಡ್ಡ ಮೇಡಂ ನೋಡಿದ್ರೆ ಎದೆ ಒಡ್ಕೊಳ್ತಾರೆ," ಅಂದ.

"ನೀನು ಹೇಳ್ಬೇಡ. ಹೇಳೋದನ್ನ ನಾನು ಹೇಳ್ತೀನಿ."

"ನಾನ್ಯಾಕೆ ಹೇಳ್ಲಿ ಮೇಡಂ," ಅಂದ. ಅದನ್ನು ಕೇಳಿಯೇ ನನಗೆ ಭಯವಾಯಿತು.

ಫೆಬ್ರವರಿ ೭, ಶುಕ್ರವಾರ

ದೊಡ್ಡ ಊರಿನ ದಾಖಲೆ ಭಂಡಾರದಿಂದ ಕಾಗದದ ಡಾಕ್ಟರು ಬಂದಿದ್ದರು. ಸಾಹೇಬರು ಇಟ್ಟ ಹೆಸರು ಅದು. ಹಳೆಯ ಕಾಗದಗಳನ್ನು ದುರಸ್ತಿ ಮಾಡುವ ಹುಡುಗಿ, ನನ್ನ ಅರ್ಧ ವಯಸ್ಸು. ಬಂದವಳೇ ಬಳೆ, ಉಂಗುರ ತೆಗೆದಿಟ್ಟು, ಕೈ ತೊಳೆದು, ಒರೆಸಿಕೊಂಡು, ಆಮೇಲೆ ನಕ್ಷೆಯ ಹತ್ತಿರ ಹೋದಳು. ನನಗೆ ಅಲ್ಲೇ ಹಿಡಿಸಿದಳು.

ಅವಳು ಹೇಳಿದ್ದು ಇಷ್ಟು. ಟೇಪಿನ ಮೇಲಿನ ಹಾಳೆ ಒಣಗಿ ಬೀಳುತ್ತದೆ, ಆದರೆ ಅದರ ಅಂಟು ಕಾಗದದೊಳಗೆ ಇಳಿದು ಕೂರುತ್ತದೆ. ಬಿಟ್ಟರೆ ಇನ್ನೂ ಇಳಿಯುತ್ತದೆ, ಕಾಗದ ಹಪ್ಪಳದಂತೆ ಮುರಿಯತೊಡಗುತ್ತದೆ. ತೆಳ್ಳನೆಯ ಅಲಗನ್ನು ಹದವಾಗಿ ಬಿಸಿ ಮಾಡಿ, ಪಟ್ಟಿಯ ಕೆಳಗೆ ತೂರಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಎಬ್ಬಿಸಬೇಕು. ಉಳಿದ ಅಂಟನ್ನು ರಬ್ಬರಿನಿಂದ ಉಂಡೆಕಟ್ಟಿಸಿ ತೆಗೆಯಬೇಕು. ಆಮೇಲೆ ಚೂರುಗಳನ್ನು ತೆಳು ಕಾಗದ ಮತ್ತು ಗೋಧಿಯ ಅಂಟಿನಿಂದ ಕೂಡಿಸಬೇಕು.

"ಗೋಧಿ ಅಂಟು ಯಾಕೆ?" ಅಂದೆ.

"ಒದ್ದೆ ಮಾಡಿದ್ರೆ ಬಿಟ್ಕೊಳ್ಳುತ್ತೆ ಮೇಡಂ. ನಾವು ಮಾಡಿದ್ದು ತಪ್ಪು ಅಂತ ಮುಂದೆ ಬರೋರಿಗೆ ಅನ್ನಿಸಿದ್ರೆ ಬಿಡಿಸ್ಕೊಳ್ಳಲಿ. ನಮಗೇ ಎಲ್ಲಾ ಗೊತ್ತು ಅಂತ ಅಂಟಿಸ್ಬಾರ್ದು."

ಅವಳಿಗೆ ಮತ್ತೆ ಮತ್ತೆ ಬರಲು ಬಿಡುವಿಲ್ಲ, ಕೆಲಸ ನಾನೇ ಕಲಿತು ಮಾಡಬೇಕು. ಒಂದು ಬೇಡವಾದ ಹಾಳೆಗೆ ಟೇಪು ಹಚ್ಚಿ ನನ್ನ ಕೈಯಲ್ಲಿ ಅಲಗು ಕೊಟ್ಟಳು. ಹಾಳೆ ಹರಿಯಿತು. ಇನ್ನೊಂದು ಕೊಟ್ಟಳು. ಅದೂ ಹರಿಯಿತು. "ಕೋಪ ಇಟ್ಕೊಂಡು ಮಾಡ್ತಿದ್ದೀರಾ ಮೇಡಂ?" ಅಂದಳು. ನನ್ನ ಮುಖದ ಮೇಲೆ ಬರೆದಿತ್ತೋ ಏನೋ.

ಮಧ್ಯೆ ಸಾಹೇಬರು ಬಂದು, "ಈ ಟೇಪು ಹಚ್ಚಿದ ಪುಣ್ಯಾತ್ಮ ಯಾರ್ರೀ?" ಎಂದು ಕೇಳಿದರು. ರೇಡಿಯೋ ಬಾಯಿ ತೆರೆಯುವ ಮೊದಲೇ, "ಹಳೇ ಕಾಲದ್ದು ಸರ್, ಗೊತ್ತಿಲ್ಲ," ಅಂದುಬಿಟ್ಟೆ. ಅತ್ತೆಯ ಹೆಸರು ಹೇಳಿದರೆ ನಮ್ಮ ಮನೆಯ ಮಾತು ಕಚೇರಿಯ ಬಾಯಿಗೆ ಬೀಳುತ್ತದೆ, ಅದಕ್ಕೆ. ಅವರ ಮೇಲಿನ ಕನಿಕರದಿಂದೇನಲ್ಲ.

ಫೆಬ್ರವರಿ ೯, ಭಾನುವಾರ

ಇವರಿಗೆ ಎಲ್ಲ ಹೇಳಿದೆ. ನಮ್ಮವರು ದರ್ಜಿ, ಅಂಗಡಿ ಮನೆಯ ಮುಂಭಾಗದಲ್ಲೇ. ಕೇಳುವಷ್ಟೂ ಹೊತ್ತು ಯಾರದೋ ಕೋಟಿನ ಹೊಲಿಗೆ ಬಿಚ್ಚುತ್ತಿದ್ದರು.

"ಹೇಳ್ಲೇಬೇಕಾ ಅಮ್ಮಂಗೆ?" ಅಂದರು.

"ಮತ್ತೆ? ಕಣ್ಣು ಬಂದ ತಕ್ಷಣ ನೋಡೋಕೆ ಓಡಿ ಬರ್ತಾರೆ. ಆಗೇನು ನಕ್ಷೆ ಮೇಲೆ ನಾನು ಅಡ್ಡ ಮಲಗಲಾ?"

"ಬರೋದ್ರೊಳಗೆ ಬಿಚ್ಚಿ ಮುಗಿಸಿಬಿಡು. ಅಳತೆ ತಪ್ಪಿದ ಬಟ್ಟೇನ ನಾವೇನು ಗಿರಾಕಿ ಮುಂದೆ ಹಿಡೀತೀವಾ? ಬಿಚ್ಚಿ, ಹೊಲಿದು, ಇಸ್ತ್ರಿ ಹಾಕಿ ಕೊಡ್ತೀವಿ."

ತಾಯಿಗೆ ತಕ್ಕ ಮಗ. ಆದರೂ ಯೋಚಿಸಿ ನೋಡಿದರೆ ಮಾತು ಅಷ್ಟೇನೂ ಕೆಟ್ಟದ್ದಲ್ಲ. ಆಪರೇಷನ್ ಆದ ಮೇಲೆ ಕೆಲವು ವಾರ ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅಷ್ಟರಲ್ಲಿ ಮುಗಿಸಿದರೆ ಮನೆಯಲ್ಲಿ ಶಾಂತಿ ಇರುತ್ತದೆ. ನನಗೆ ಬೇಕಾದ್ದೂ ಅದೇ.

ಫೆಬ್ರವರಿ ೧೩

ಮೊದಲ ಪಟ್ಟಿ ಹರಿಯದೆ ಬಂತು. ಅಂಗೈಯಷ್ಟು ಉದ್ದದ ಪಟ್ಟಿ, ಬೆಳಿಗ್ಗೆ ಶುರು ಮಾಡಿದ್ದು ಊಟದ ಹೊತ್ತಿಗೆ ಮುಗಿಯಿತು. ಉಸಿರು ಬಿಗಿಹಿಡಿದು ಕೂತು ಬೆನ್ನು ಕಟ್ಟಿಗೆಯಾಗಿದೆ. ಆದರೆ ಪಟ್ಟಿ ಎದ್ದು ಬಂದಾಗ ಕೆಳಗಿನ ಸಂತೆಬೀದಿ ಹಾಗೇ ಮಲಗಿತ್ತು, ಒಂದು ಮನೆಯೂ ಅಲುಗಿರಲಿಲ್ಲ. ರೇಡಿಯೋನನ್ನು ಕರೆದು ತೋರಿಸಿದೆ. ಬೇರೆ ಯಾರಿಗೆ ತೋರಿಸಲಿ?

ಒಂದು ಮಾತು ಒಪ್ಪಿಕೊಳ್ಳಬೇಕು. ಚೂರುಗಳನ್ನು ಅತ್ತೆ ಕೂಡಿಸಿರುವ ರೀತಿ. ಗೆರೆಗೆ ಗೆರೆ ಸೇರಿದೆ, ಕೆರೆಯ ದಂಡೆಯ ಬಳುಕು ಕೂಡ ತಪ್ಪಿಲ್ಲ. ಉಗುರಿಗಿಂತ ಚಿಕ್ಕ ಚೂರುಗಳನ್ನೂ ಬಿಡದೆ ಹುಡುಕಿ ಅವುಗಳ ಜಾಗದಲ್ಲೇ ಇಟ್ಟಿದ್ದಾರೆ. ಭೂತಗನ್ನಡಿಯಲ್ಲಿ ನೋಡಿದರೂ ತಪ್ಪು ಸಿಗಲಿಲ್ಲ. ಹುಡುಕಿದೆ ಅಂತ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಫೆಬ್ರವರಿ ೧೭, ಸೋಮವಾರ

ಆಪರೇಷನ್ ಆಯಿತು. ಚೆನ್ನಾಗಿ ಆಯಿತು.

ಒಳಗೆ ಕರೆಯುವವರೆಗೆ ಬೆಂಚಿನ ಮೇಲೆ ನಾವಿಬ್ಬರೇ. ಇವರು ಔಷಧಿ ಅಂಗಡಿಯ ಮುಂದೆ ನಿಂತಿದ್ದರು. ಊರಿಗೆಲ್ಲ ಜೋರು ಮಾಡುವ ಅತ್ತೆ ನನ್ನ ಕೈ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ಅವರ ಕೈ ಇಷ್ಟು ಹೊತ್ತು ನನ್ನ ಕೈಯಲ್ಲಿದ್ದದ್ದು ನೆನಪಿಲ್ಲ. ಚಿಕ್ಕ ಕೈ, ತಣ್ಣಗಿತ್ತು.

"ಏನಾದ್ರೂ ಮಾತಾಡಿ ಅತ್ತೆ," ಅಂದೆ. ಹೆದರಿಕೆ ಮರೆಯಲಿ ಅಂತ.

ಬೇರೇನು ಮಾತಾಡುತ್ತಾರೆ? ಮತ್ತೆ ನಕ್ಷೆಯ ಕಥೆಯೇ. ಆದರೆ ಇವತ್ತು ಅಧ್ಯಕ್ಷರ ಹೊಗಳಿಕೆ ಬರಲೇ ಇಲ್ಲ. ಮಾವ ತೀರಿಕೊಂಡ ವರ್ಷ, ಕೆಲಸಕ್ಕೆ ಸೇರಿದ ಹೊಸದು. ಕೋಣೆ ಗುಡಿಸಿ ಕಸ ಸುಡಲು ಹೇಳಿದ್ದರಂತೆ. ಬುಟ್ಟಿಯ ತುಂಬ ಕಾಗದದ ಚೂರು. ಒಂದು ಚೂರಿನ ಮೇಲೆ ತಮ್ಮ ತವರಿನ ಬೀದಿ ಕಂಡಿತಂತೆ. ಆ ಬುಟ್ಟಿಯನ್ನು ಯಾರಿಗೂ ಹೇಳದೆ ಮೇಜಿನ ಕೆಳಗೆ ಇಟ್ಟುಕೊಂಡರಂತೆ.

"ಹೇಗೆ ಕೂಡಿಸ್ಬೇಕು ಅಂತ ಗೊತ್ತಿರ್ಲಿಲ್ಲ ಕಣೇ. ಕೇಳಿದ್ರೆ ನಗ್ತಿದ್ರು. ಆಗ ಊರಿಗೆ ಟೇಪು ಹೊಸದಾಗಿ ಬಂದಿತ್ತು, ನೀರಿನ ಥರ ಇತ್ತು, ಹಚ್ಚಿದ್ದೇ ಕಾಣ್ತಿರ್ಲಿಲ್ಲ. ಅದನ್ನ ನೋಡಿ ನಂಗೆ ಎಷ್ಟು ಸಂತೋಷ ಆಯ್ತು ಅಂತೀಯ. ಮನೇಲಿ ಅಳೋಕೆ ಜಾಗ ಇರ್ಲಿಲ್ಲ, ಮಗು ನೋಡ್ತಿತ್ತು. ಅಲ್ಲಿ ಕೂತು ಒಂದೊಂದೇ ಚೂರು ಕೂಡಿಸ್ತಿದ್ದೆ. ಅದು ಪೂರ್ತಿ ಆಗೋ ಹೊತ್ತಿಗೆ ನನ್ನ ಅಳೂನೂ ಮುಗಿದಿತ್ತು."

ನರ್ಸು ಕರೆದಳು. ಕೈ ಬಿಡಿಸಿಕೊಂಡು ಹೋದರು. ನಾನು ಎದ್ದು ಹೊರಗೆ ಹೋಗಿ ನಿಂತೆ, ಆಸ್ಪತ್ರೆಯ ಫಿನಾಯಿಲ್ ವಾಸನೆ ನನಗೆ ಆಗುವುದಿಲ್ಲ.

ಫೆಬ್ರವರಿ ೨೪

ಕಣ್ಣು ಬಂದಿದೆ. ಕರಿ ಕನ್ನಡಕ ಹಾಕಿಕೊಂಡು ಮನೆಯಲ್ಲೇ ತಪಾಸಣೆ ನಡೆಸಿದ್ದಾರೆ. ಅಟ್ಟದ ಮೇಲೆ ಜೇಡರ ಬಲೆ ಸಿಕ್ಕಿತು. ಪಾತ್ರೆಯ ತಳದಲ್ಲಿ ಮಸಿ ಸಿಕ್ಕಿತು. ಮಗನಿಗೆ ಹೊಟ್ಟೆ ಬಂದದ್ದು ಸಿಕ್ಕಿತು. ಕೊನೆಗೆ ನನ್ನ ಸರದಿ.

"ನಿನ್ನ ತಲೆ ಯಾವಾಗ ಇಷ್ಟು ನರೀತು?"

"ಮದುವೆಯಾದ ಮಾರನೇ ದಿನದಿಂದ ಅತ್ತೆ."

ನಕ್ಕರು. ಆಮೇಲೆ ನನ್ನನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. "ಕಣ್ಣ ಕೆಳಗೆ ಎಷ್ಟು ಕಪ್ಪಾಗಿದೆ. ಅಷ್ಟು ಕೆಲಸ ಏನಿರುತ್ತೆ ಆ ಕೋಣೇಲಿ?"

"ಇರುತ್ತೆ," ಅಂದೆ.

ಔಷಧಿ ಹನಿ ಹಾಕುವಾಗ ಮಕ್ಕಳ ಹಾಗೆ ಕಣ್ಣು ಮುಚ್ಚಿಬಿಡುತ್ತಾರೆ. ಇವರು ಹಾಕಿದರೆ ಕೆನ್ನೆಗೆ ಬೀಳುತ್ತದೆ. ಆದ್ದರಿಂದ ಅದೂ ನನ್ನ ತಲೆಗೇ ಬಂದಿದೆ. ಕಚೇರಿಯಿಂದ ಮಧ್ಯಾಹ್ನ ಮನೆಗೆ ಓಡಿ ಬಂದು ಹಾಕಿ ಹೋಗುತ್ತೇನೆ. ಹತ್ತಿರವೇ ಇದೆಯಲ್ಲ.

ಮಾರ್ಚ್ ೨, ಭಾನುವಾರ

ಕೆಲಸ ಅರ್ಧದ ಹತ್ತಿರ ಬಂದಿದೆ, ಆದರೆ ಸಂತೋಷಪಡುವಂತಿಲ್ಲ. ಪಟ್ಟಿ ಎದ್ದರೂ ಕೆಳಗೆ ಕಂದು ಗೆರೆ ಉಳಿಯುತ್ತದೆ. ರಬ್ಬರು ಹಾಕಿ ಉಜ್ಜಿದೆ, ಅಂಟು ಹೋಯಿತು, ಬಣ್ಣ ಹೋಗಲಿಲ್ಲ. ಕಾಗದದ ಡಾಕ್ಟರಿಗೆ ಫೋನ್ ಮಾಡಿದೆ.

"ಸ್ವಲ್ಪ ತಿಳಿಯಾಗಬಹುದು ಮೇಡಂ. ಪೂರ್ತಿ ಹೋಗಲ್ಲ. ಕಾಗದ ಉಳಿಯುತ್ತೆ, ಕಲೆ ಇರುತ್ತೆ."

"ಎಷ್ಟು ದಿನ?"

"ಕಾಗದ ಇರೋವರೆಗೂ," ಅಂದಳು. ಒಳ್ಳೆಯ ಹುಡುಗಿ, ಸುಳ್ಳು ಹೇಳಲು ಬರುವುದಿಲ್ಲ.

ಬಿಚ್ಚಿ, ಹೊಲಿದು, ಇಸ್ತ್ರಿ ಹಾಕಿ ಕೊಡುವ ಇವರ ಯೋಜನೆ ಅಲ್ಲಿಗೆ ಮುಗಿಯಿತು. ಅತ್ತೆ ನೋಡಿದರೆ ಏನಾಗುತ್ತದೆ? ಹೊಸ ಕಣ್ಣಲ್ಲಿ ಮೊದಲು ನೋಡುವುದು ಇದನ್ನೇ. ಇದು ಬಿಸಿ ತುಪ್ಪವಾಯಿತು, ಉಗುಳಲೂ ಆಗದು, ನುಂಗಲೂ ಆಗದು. ಇವರೂ ನಾನೂ ಕೂತು ಒಂದು ಸುಳ್ಳು ಹೊಲಿದಿದ್ದೇವೆ: ನಕ್ಷೆಯನ್ನು ಚೌಕಟ್ಟು ಹಾಕಿಸಲು ದೊಡ್ಡ ಊರಿಗೆ ಕಳಿಸಿದೆ, ಯಾವಾಗ ಬರುತ್ತದೋ ಗೊತ್ತಿಲ್ಲ.

ಮಾರ್ಚ್ ೬

ಸುಳ್ಳು ಹೇಳಿದೆ. ಅತ್ತೆ ಪೆಚ್ಚಾದರು, ಆದರೂ ನಂಬಿದರು.

ಸಂಜೆ ರೇಡಿಯೋ ನಾನು ಮರೆತುಬಂದ ಕೊಡೆ ಕೊಡಲು ಬಂದ. "ದೊಡ್ಡ ಮೇಡಂ, ಕಣ್ಣು ಬಂತಂತೆ. ಬನ್ನಿ ಒಂದ್ಸಲ ಕಚೇರಿಗೆ. ನಕ್ಷೆ ಮೇಜಿನ ಮೇಲೇ ಇದೆ." ಅಂದದ್ದೇ ನಾಲಗೆ ಕಚ್ಚಿಕೊಂಡ.

ಅತ್ತೆ ನನ್ನ ಕಡೆ ನೋಡಿದರು. "ಇವತ್ತು ಬಂತು ಅತ್ತೆ," ಅಂದೆ. ನಾಳೆ ಬರುತ್ತಾರಂತೆ. ಈಗಾಗಲೇ ಸೀರೆ ತೆಗೆದಿಟ್ಟಿದ್ದಾರೆ.

ನಾಳೆ ಬೆಳಿಗ್ಗೆ ದಾರಿಯಲ್ಲೇ ಹೇಳಿಬಿಡುತ್ತೇನೆ. ಟೇಪಿಗೆ ಮುಪ್ಪು ಬರುತ್ತದೆ ಅತ್ತೆ, ಅದು ಆಗ ಯಾರಿಗೂ ಗೊತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ಹೇಳಬಹುದು, ಅಂಥ ಕಷ್ಟದ ಮಾತಲ್ಲ.

ಮಾರ್ಚ್ ೭, ಶುಕ್ರವಾರ

ದಾರಿಯಲ್ಲಿ ಹೇಳಲು ಬಿಡುವೇ ಕೊಡಲಿಲ್ಲ. ಹೊಸ ಕಣ್ಣು. ಒಂದೊಂದು ಬೋರ್ಡು ಓದಿಕೊಂಡು, ಒಂದೊಂದು ಕಿಟಕಿಯ ಬಣ್ಣ ಹೇಳಿಕೊಂಡು ಬಂದರು. ಬಾಗಿಲ ಬಳಿ ಸಾಹೇಬರೇ ಎದುರಾಗಿ ನಮಸ್ಕಾರ ಮಾಡಿದರು. ಅತ್ತೆಯ ಮುಖ ಅರಳಿತು. "ಚೂರುಚೂರಾಗಿತ್ತು ಸರ್, ನಾನೇ ಕೂಡಿಸಿದ್ದು," ಎನ್ನುತ್ತಲೇ ಒಳಗೆ ಬಂದರು.

ಮೇಜಿನ ಮೇಲೆ ನಕ್ಷೆ. ಅರ್ಧದಲ್ಲಿ ಕಂದು ಗೆರೆಗಳು, ಇನ್ನರ್ಧದಲ್ಲಿ ಇನ್ನೂ ಎಬ್ಬಿಸದ ಕಂದು ಪಟ್ಟಿಗಳು. ಅತ್ತೆ ಬಗ್ಗಿದರು. ಕರಿ ಕನ್ನಡಕ ತೆಗೆದರು, ಮತ್ತೆ ಬಗ್ಗಿದರು. ಬೆರಳನ್ನು ಒಂದು ಪಟ್ಟಿಯ ಮೇಲೆ ಉದ್ದಕ್ಕೂ ಎಳೆದರು.

"ಇದೇನಿದು?"

ಪಕ್ಕದ ಪಟ್ಟಿಯನ್ನೂ ಸವರಿ ನೋಡಿದರು.

"ನಾನು ಹಚ್ಚಿದ್ದು ಇದಲ್ಲ. ನಂದು ನೀರಿನ ಥರ ಇತ್ತು. ಅದನ್ನ ಕಿತ್ತು ಈ ಪಾರ್ಸಲ್ಲಿಗೆ ಹಚ್ಚೋ ಟೇಪು ಹಚ್ಚಿದ್ದು ಯಾರು?"

ಅವರಿಗೆ ನಿಜವಾಗಿಯೂ ಗುರುತು ಸಿಕ್ಕಿರಲಿಲ್ಲ. ಅವರ ನೆನಪಿನಲ್ಲಿದ್ದ ಟೇಪಿಗೆ ವಯಸ್ಸೇ ಆಗಿರಲಿಲ್ಲ. ರೇಡಿಯೋ ಬಾಯಿ ತೆರೆದ. ಅತ್ತೆ ಸೆರಗಿನ ತುದಿಯಿಂದ ಒಂದು ಪಟ್ಟಿಯನ್ನು ಒರೆಸತೊಡಗಿದ್ದರು, ಕೊಳೆ ಒರೆಸುವ ಹಾಗೆ. ಕನ್ನಡಿಯ ಮುಂದೆ ಕಲಿತ ಮಾತು ನನಗೆ ನೆನಪಿತ್ತು, ಅದನ್ನೇ ಹೇಳಲು ಹೊರಟೆ.

"ನಾನೇ ಅತ್ತೆ," ಅಂದೆ.

ಆಮೇಲೆ ಬೈದರು. ನಿಂತು ಬೈದರು, ಕುರ್ಚಿ ಎಳೆದುಕೊಂಡು ಕೂತು ಬೈದರು. "ಪರೀಕ್ಷೆ ಪಾಸು ಮಾಡಿ ಬಂದೋಳು ನೀನು. ಸಾಕೋಕೆ ಮಗು ಕೊಟ್ರೆ ಕೈಕಾಲು ಮುರಿದು ತೋರಿಸ್ತಿದ್ದೀಯಲ್ಲೇ. ಹೇಗೆ ಮನಸ್ಸು ಬಂತು ನಿಂಗೆ? ನಾನು ಕುರುಡಿ, ನೋಡಲ್ಲ ಅಂತಾನಾ?" ಕೊನೆಯದಕ್ಕೆ ಅವರ ದನಿ ಒಡೆಯಿತು. ನಾನು ಕೈಕಟ್ಟಿ ನಿಂತಿದ್ದೆ.

ಸಾಹೇಬರು ನನ್ನತ್ತ ತಿರುಗಿದರು. "ಹಳೇ ಕಾಲದ್ದು, ಗೊತ್ತಿಲ್ಲ ಅಂದಿದ್ರಿ."

"ನಾನು ಸೇರಿದ ಹೊಸದು ಸರ್. ಅದೂ ಹಳೇ ಕಾಲಾನೇ. ಹೇಳೋಕೆ ಹೆದರಿದೆ."

ರೇಡಿಯೋ ತೆರೆದ ಬಾಯನ್ನು ಮುಚ್ಚಿದ. ಅವನು ಒಂದು ಮಾತನ್ನು ನುಂಗಿದ್ದನ್ನು ನಾನು ಕಂಡದ್ದು ಇವತ್ತೇ.

ಮಾರ್ಚ್ ೮

ಅತ್ತೆ ಮಾತು ಬಿಟ್ಟಿದ್ದಾರೆ. ಕಣ್ಣಿಗೆ ಹನಿ ಹಾಕಲು ಹೋದರೆ ಮುಖ ತಿರುಗಿಸಿಯೇ ಹಾಕಿಸಿಕೊಂಡರು. ಮುಖ ತಿರುಗಿಸಿದವರಿಗೆ ಹನಿ ಹಾಕುವುದು ಸುಲಭವಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂದ ಹಾಗಾಯ್ತಲ್ಲೇ. ನಾನು ಹೇಳಿಬಿಡ್ಲಾ ಅಮ್ಮಂಗೆ?" ಅಂದರು ಇವರು.

"ಎಮ್ಮೆ ಒಪ್ಪಿಕೊಂಡಿದೆ. ನಿಮಗೇನು ಕಷ್ಟ? ಬಾಯಿ ಮುಚ್ಕೊಂಡು ಹೊಲೀರಿ."

ಅಲಗಿನ ತುದಿ ಮೊಂಡಾಗಿದೆ. ಹೊಸದು ತರಿಸಬೇಕು.

ಮಾರ್ಚ್ ೧೧, ಮಂಗಳವಾರ

ಸಾಹೇಬರು ಕರೆಸಿದರು. ದಾಖಲೆ ಕೆಡಿಸಿದವರ ಕೈಯಲ್ಲೇ ದಾಖಲೆ ಕೋಣೆ ಬಿಡುವುದು ಸರಿಯಲ್ಲವಂತೆ. ನನ್ನನ್ನು ನಲ್ಲಿ ವಿಭಾಗಕ್ಕೆ ಹಾಕುತ್ತಾರೆ, ಬೀಗದ ಕೈಗಳನ್ನು ಗುರುವಾರ ಒಪ್ಪಿಸಬೇಕು. ಅವರನ್ನು ತಪ್ಪೆನ್ನಲಾರೆ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ನಲ್ಲಿ ವಿಭಾಗದಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಎನ್ನುತ್ತಾರೆ.

ಆದರೆ ಇನ್ನೂ ಅರ್ಧ ಊರು ಟೇಪಿನ ಕೆಳಗಿದೆ. ಕೆರೆಯ ದಂಡೆ ಪೂರ್ತಿ ಬಾಕಿ. ಬರುವವರಿಗೆ ಅಲಗು ಎಷ್ಟು ಬಿಸಿ ಇರಬೇಕೆಂದು ಗೊತ್ತಿರುತ್ತದೆಯೇ? ಅತ್ತೆಯ ತವರಿನ ಬೀದಿಯ ಹತ್ತಿರ ಕಾಗದ ಬಹಳ ತೆಳುವಾಗಿದೆ, ಅಲ್ಲಿ ಕೈ ಒತ್ತಲೇಬಾರದು. ಹೇಳಿಹೋಗುತ್ತೇನೆ. ಅವರು ಕೇಳಬೇಕಲ್ಲ.

ಇವತ್ತು ಅತ್ತಿದ್ದೇನೆ. ಕೋಣೆಯ ಬಾಗಿಲು ಹಾಕಿಕೊಂಡು ಅತ್ತದ್ದು, ಯಾರಿಗೂ ಗೊತ್ತಿಲ್ಲ. ಬಾಗಿಲ ಹೊರಗೆ ರೇಡಿಯೋ ಇದ್ದ, ಅಷ್ಟೇ.

ಮಾರ್ಚ್ ೧೨, ಬುಧವಾರ

ಬೆಳಿಗ್ಗೆ ಕೆಲಸ ಶುರು ಮಾಡಿದ್ದೆ. ಇರುವ ಒಂದು ದಿನದಲ್ಲಿ ಆ ತವರಿನ ಬೀದಿಯನ್ನಾದರೂ ಬಿಡಿಸಿಡೋಣ ಎಂದು. ಪಕ್ಕದ ಕೋಣೆಯಲ್ಲಿ ಅತ್ತೆಯ ದನಿ ಕೇಳಿಸಿತು. ಸಾಹೇಬರ ಕೋಣೆಗೂ ನನ್ನದಕ್ಕೂ ನಡುವೆ ಹಲಗೆಯ ಗೋಡೆ, ಏನು ಮಾತಾಡಿದರೂ ಕೇಳುತ್ತದೆ. ಬೆಳಗಾಗುವಷ್ಟರಲ್ಲಿ ರೇಡಿಯೋ ವರ್ಗಾವಣೆಯ ಸುದ್ದಿ ಮುಟ್ಟಿಸಿದ್ದಾನೆ. ಅದನ್ನು ಮಾತ್ರ ಮುಟ್ಟಿಸಿದ್ದಾನೆ, ಅವನ ಬಾಯಿಗೆ ಸಕ್ಕರೆ ಹಾಕಬೇಕು.

"ಅವಳನ್ನ ತೆಗೆದ್ರೆ ಉಳಿದದ್ದನ್ನ ಬಿಡಿಸೋರು ಯಾರು ಸರ್?" ಎನ್ನುತ್ತಿದ್ದರು ಅತ್ತೆ.

"ನೀವೇ ಅಷ್ಟು ಬೇಜಾರು ಮಾಡ್ಕೊಂಡ್ರಲ್ಲಮ್ಮ."

"ಮಾಡ್ಕೊಂಡೆ. ಆ ನಕ್ಷೆ ವಿಷಯದಲ್ಲಿ ಕೋಪ ಮಾಡ್ಕೊಳ್ಳೋ ಹಕ್ಕು ಎಲ್ಲರಿಗಿಂತ ಮೊದಲು ನಂದು. ನಾಲ್ಕು ದಿನ ಅವಳ ಮುಖ ನೋಡಿಲ್ಲ ನಾನು. ಇವತ್ತು ಬಿಟ್ಟಿದ್ದೀನಿ. ನಾನೇ ಬಿಟ್ಟ ಮೇಲೆ ನಿಮಗೆ ಇಟ್ಕೊಂಡು ಏನಾಗ್ಬೇಕು?"

ಸಾಹೇಬರು ಏನೋ ಹೇಳಿದರು, ಮೆಲ್ಲಗೆ. ಆಮೇಲೆ ನಕ್ಕದ್ದು ಕೇಳಿಸಿತು. ಬೀಗದ ಕೈಗಳು ನನ್ನ ಬಳಿಯೇ ಇವೆ.

ಅತ್ತೆ ನನ್ನ ಕೋಣೆಗೆ ಬಂದರು. ಕೈ ತೊಳೆದುಕೊಂಡು ಬಂದಿದ್ದರು. ಎದುರಿನ ಕುರ್ಚಿಯಲ್ಲಿ ಕೂತು ನಾನು ಪಟ್ಟಿ ಎಬ್ಬಿಸುವುದನ್ನು ನೋಡಿದರು. ಪಟ್ಟಿ ಬಂತು, ಕೆಳಗೆ ಅವರ ತವರಿನ ಬೀದಿ ಇತ್ತು, ಕಲೆಯಾಗಿತ್ತು, ಆದರೆ ಇತ್ತು.

"ಯಾಕೆ ಹಚ್ಚಿದೆ?" ಅಂದರು. ಬೈಗುಳ ಇರಲಿಲ್ಲ, ಕೇಳಿದರು ಅಷ್ಟೇ.

"ಚೂರುಗಳು ಎಲ್ಲಿ ಕಳೆದುಹೋಗ್ತವೋ ಅಂತ ಭಯ ಆಯ್ತು ಅತ್ತೆ. ಬೇರೆ ಏನು ಮಾಡ್ಬೇಕು ಅಂತ ಗೊತ್ತಿರ್ಲಿಲ್ಲ."

ಅವರು ಮೇಜು ಬಳಸಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

"ಗೊತ್ತಿಲ್ದೆ ಮಾಡಿದ್ದು. ಉಳೀಲಿ ಅಂತ ಮಾಡಿದ್ದು. ಅದನ್ನ ದೊಡ್ಡ ತಪ್ಪು ಅಂತ ಎದೆ ಮೇಲೆ ಹೊತ್ಕೊಂಡು ತಿರುಗ್ಬೇಡ. ಆವತ್ತು ಹಚ್ಚದೇ ಇದ್ದಿದ್ರೆ ಇವತ್ತು ಬಿಡಿಸೋಕೆ ಏನೂ ಉಳೀತಿರ್ಲಿಲ್ಲ."

ನನಗೆ ತಡೆಯಲಾಗಲಿಲ್ಲ. ನಕ್ಷೆಯ ಮೇಲೆ ಹನಿ ಬೀಳದಂತೆ ಕುರ್ಚಿ ಹಿಂದೆ ತಳ್ಳಿ, ಅವರ ಸೆರಗಿನಲ್ಲಿ ಮುಖವಿಟ್ಟು ಅತ್ತುಬಿಟ್ಟೆ. ತಪ್ಪಿತಸ್ಥೆ ಅಳುತ್ತಿದ್ದಾಳೆ ಎಂದುಕೊಂಡು ಅವರು ಬೆನ್ನು ಸವರಿದರು.

"ಇನ್ನೊಂದ್ಸಲ ಹೇಳಿ ಅತ್ತೆ," ಅಂದೆ.

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದ್ಸಲ ಹೇಳಿ. ಜೋರಾಗಿ ಹೇಳಿ."

ಹೇಳಿದರು. ಮಗುವಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ, ಗಟ್ಟಿಯಾಗಿ, ತಮ್ಮ ಕಿವಿಗೂ ಬೀಳುವಷ್ಟು ಗಟ್ಟಿಯಾಗಿ ಹೇಳಿದರು.